ಮುಮತಾಜಬಿಯ ಹೊಟ್ಟೆಗೆ ಬರೆ

ಗಜೇಂದ್ರಗಡದ ಕಸಾಯಿ ಇನಾಯತನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಕುರಿ ಒದ್ದಾಡಿದರೆ ಕುರಿಗೆ ಬಯ್ಯುತ್ತಿದ್ದ, ತಾಯಿ ಮುಮತಾಜಬಿ ನರಳಿದರೆ ಡಾಕ್ಟರಿಗೆ. ಎಪ್ಪತ್ತು ದಾಟಿದ ಆಕೆಗೆ ೨೦೦೭ರ ಬೇಸಿಗೆಯಿಡೀ ರಕ್ತಭೇದಿ.

ಹುಬ್ಬಳ್ಳಿಯ ಡಾಕ್ಟರು ಅವನನ್ನೂ ಅಕ್ಕ ಶಬಾನಾಳನ್ನೂ ಕೂಡಿಸಿ ಹೇಳಿದ್ದರು: “ಕರಳಿನ ಒಳಪದರ ದಿನಾ ಸವೀತೈತ್ರಿ. ಹೊಸಾದು ಹುಟ್ಟಸೋ ಕಾಂಡಕೋಶ ವಯಸ್ಸಾದಂಗ ಸೋಲ್ತಾವ. ಮ್ಯಾಲೆ ರೋಗ ತಡಿಯೋ ಕಾವಲು ಪಡಿ, ಕಳ್ಳ ಇಲ್ಲದಿದ್ರೂ ಬಡಿಗಿ ಬೀಸಾಕ ಹತ್ತೈತಿ. ಆ ಗದ್ದಲಕ್ಕ ಕಾಂಡಕೋಶ ಕೆಲಸಾನ ಬಿಟ್ಟಾವ. ಬೇಲಿನ ಎದ್ದು ಹೊಲಾ ಮೇಯ್ದಂಗ ಆಗೇತಿ. ಈ ಗುಳಿಗಿ ಕಾವಲು ತಣ್ಣಗ ಮಾಡ್ತಾವ. ನಡುವ ಬಿಡಸಬ್ಯಾಡ್ರಿ.”

ಗುಳಿಗೆಯಿಂದ ತಾಯಿಯ ಮುಖ ಊದಿತು. “ಕಾವಲುಗಾರನ್ನ ಮಲಗಸೋದು ಎಂಥಾ ಔಷಧಿ?” ಎಂದು ಇನಾಯತ ಗುಳಿಗೆಗಳನ್ನು ಗಟಾರಕ್ಕೆಸೆದ. ಹೊಟ್ಟೆಬೇನೆಗೆ ಕಾಸಿದ ಸರಳಿನಿಂದ ಬರೆ ಎಳೆಯುವ ಬಾಷಾಸಾಬನನ್ನು ಕರೆಸಿದ.

ಶಬಾನಾ ಗಂಡನೂರು ಸೂಡಿಯ ಬಸ್ಸಿಳಿದು ಓಣಿಗೆ ಬಂದಾಗ ತಾಯಿಯ ಚೀತ್ಕಾರ ಕೇಳಿತು. ಒಳಗೆ ಇನಾಯತ ಆಕೆಯ ಭುಜಗಳ ಮೇಲೆ ಮೊಣಕಾಲೂರಿದ್ದ. ಹೊಕ್ಕುಳ ಪಕ್ಕದ ಚರ್ಮ ಸುಟ್ಟು ವಾಸನೆ ಹಬ್ಬಿತ್ತು. ಕುರಿಗಾದರೂ ಚೂರಿ ಮಸೆದು ಹಿಡಿಯುತ್ತಿದ್ದ ಪುಣ್ಯಾತ್ಮ, ಹೆತ್ತವಳಿಗೆ ಅಷ್ಟು ಕರುಣೆಯೂ ಇಲ್ಲ!

ಶಬಾನಾ ಬಾಷಾಸಾಬನನ್ನು ಗೋಡೆಗೆ ನೂಕಿದಳು. ಸರಳು ಬಿತ್ತು; ಅವನು ಹೊರಗೋಡಿದ.

“ಆಪಾ, ನಡುವ ಬರಬ್ಯಾಡ!” ಎಂದು ಇನಾಯತ ಅಕ್ಕನ ಬಾಯಿಗೆ ಗುದ್ದಿದ. ಹಲ್ಲು ಮುರಿದು ರಕ್ತ ಸುರಿಯಿತು. ಕೆಳಗೆ ಬಿದ್ದವಳ ಜಡೆ ಹಿಡಿದು ಎಳೆಯತೊಡಗಿದ.

ಮುಮತಾಜಬಿ ತೆವಳಿ ಬಂದು ಸರಳನ್ನೆತ್ತಿ ಮಗನ ಮುಂಗೈಗೆ ಒತ್ತಿದಳು. ಅವನು ಅರಚಿ ಜಡೆ ಬಿಟ್ಟ.

“ಉರೀತೇನು? ಇಷ್ಟಕ್ಕ ಹಿಂಗ ಒದರ್ತಿ. ನನ್ನ ಕರಳ ತುಂಬ ಇದ ಐತಿ. ಹೊಸಾ ತೊಗಲು ಬರೂದ್ರಾಗ ಮತ್ತ ಸುಡ್ತೈತಿ. ಅದರ ಮ್ಯಾಲ ನೀ ಒಬ್ಬಾವ!”

ಅಷ್ಟು ಹೇಳಿ ಕುಸಿದಳು. ಸೀರೆಯ ತುಂಬ ರಕ್ತ. ಇನಾಯತ ಆಕೆಯನ್ನು ಹೆಗಲಿಗೆ ಹಾಕಿಕೊಂಡು ಬೀದಿಗೋಡಿದ. ಶಬಾನಾ ರಕ್ತ ಉಗುಳುತ್ತ ಹಿಂದೆ.

“ಅಮ್ಮಾ, ಬೇಕಾದ್ರ ಈ ಕೈನೂ ಸುಡು, ಸಾಯಬ್ಯಾಡ!” ಎಂದು ದಾರಿಯುದ್ದಕ್ಕೂ ಗೋಗರೆದ. ದವಾಖಾನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮುಮತಾಜಬಿ ಸತ್ತಿದ್ದಳು. ಅವನು ಮಾತ್ರ ಇಳಿಸಲೊಲ್ಲ.