ಜಿನ್ನಿನ ಗೋಡೆಯ ಊರುಗಳು

ಇಂಡಿ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದು, ಎಡಗಣ್ಣಿನ ಪೊರೆ ತೆಗೆಸಿಕೊಂಡು, ಒಂದು ತಿಂಗಳ ನಂತರ ಜೈನುದ್ದೀನ ಮುದ್ದೇಬಿಹಾಳಕ್ಕೆ ಮರಳಿ ಬಂದ. ಬಸ್ ಸ್ಟ್ಯಾಂಡಿನಿಂದ ಮನೆಗೆ ಹೋಗುವ ದಾರಿಯಲ್ಲೇ ಹತ್ತಿಯ ಬೀಜ ಬಿಡಿಸುವ ಹಳೇ ಗಿರಣಿ, ಜನರ ಬಾಯಲ್ಲಿ ಜಿನ್ನು, ಸಿಗುತ್ತದೆ. ಅದರ ಉದ್ದನೆಯ ಗೋಡೆಯ ಮುಂದೆ ಆಟೋ ನಿಧಾನವಾದಾಗ ಅವನು ಕಪ್ಪು ಕನ್ನಡಕ ತೆಗೆದು ನೋಡಿದ. ಮತ್ತೆ ಹಾಕಿಕೊಂಡು ನೋಡಿದ. ಡಾಕ್ಟರು ಕಣ್ಣು ಕೆಡಿಸಿದರೇನೋ ಎಂದು ಒಂದು ಗಳಿಗೆ ಅನ್ನಿಸಿತು.

ಗೋಡೆಯ ತುಂಬ ನೀಲಿ ಹೊಳೆ ಹರಿಯುತ್ತಿತ್ತು. ಹೊಳೆಯಲ್ಲಿ ಕೇಸರಿ ಬಣ್ಣದ ಮೀನುಗಳು. ನಡುವೆ ಎರಡಾಳೆತ್ತರದ ಒಬ್ಬ ಹೆಂಗಸು, ಕೈಯಲ್ಲಿ ಜೋಳದ ತೆನೆ ಹಿಡಿದು ಹಲ್ಲು ಕಾಣುವಂತೆ ನಗುತ್ತಿದ್ದಳು. ಕೆಳಮೂಲೆಯಲ್ಲಿ ‘ನೆಲದನಿ ಪ್ರತಿಷ್ಠಾನ, ಸಮುದಾಯ ಕಲಾ ಉತ್ಸವ’ ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ಸಹಕಾರ: ಜೈನುದ್ದೀನ ಪೇಂಟರ್.’

ಅವನ ಊರುಗಳು ಇರಲಿಲ್ಲ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಕೃಷ್ಣೆಯ ಹಿನ್ನೀರು ಏರಿ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಹೊಳೆದಂಡೆಯ ಹಳ್ಳಿಗಳು ಮುಳುಗಿದಾಗ ಜೈನುದ್ದೀನ ಊರಿನ ಬೋರ್ಡುಗಳನ್ನೆಲ್ಲ ಬರೆಯುವ ಪೇಂಟರನಾಗಿದ್ದ. ಕಿರಾಣಿ ಅಂಗಡಿ, ದವಾಖಾನೆ, ಸೈಕಲ್ ಶಾಪು, ಯಾವ ಬೋರ್ಡಾದರೂ ಅವನ ಕೈಯದೇ. ಅವನ ತಾಯಿಯ ತವರೂ ನೀರಲ್ಲಿ ಹೋಗಿತ್ತು. ಯಾರೂ ಹೇಳದೆ, ಯಾರನ್ನೂ ಕೇಳದೆ, ಒಂಬತ್ತು ದಿನ ನಿಂತು ಅವನು ಜಿನ್ನಿನ ಗೋಡೆಯ ಮೇಲೆ ಮುಳುಗಿದ ಮೂವತ್ತೊಂದು ಊರುಗಳ ಹೆಸರು ಬರೆದ. ಹಳದಿ ನೆಲ, ಕಪ್ಪು ಅಕ್ಷರ, ಅಕ್ಷರಕ್ಕೆ ಕೆಂಪು ನೆರಳು. ಮೇಲಿಂದ ಕೆಳಗಿಳಿಯುವ ನಾಲ್ಕು ಸಾಲು.

ಬರೆಯುವಾಗ ಅವನಿಗೂ ಗೊತ್ತಿರಲಿಲ್ಲ ಆ ಗೋಡೆ ಏನಾಗುತ್ತದೆಂದು. ಮುಳುಗಿದ ಊರಿನ ಜನ ಒಂದು ಕಡೆ ಉಳಿದಿರಲಿಲ್ಲ; ಕೆಲವರು ಪುನರ್ವಸತಿ ಕೇಂದ್ರದಲ್ಲಿ, ಕೆಲವರು ಸಿಂದಗಿ ಕಡೆ, ಕೆಲವರು ಗಂಡನ ಮನೆ, ತಮ್ಮನ ಮನೆ. ಸಂತೆಯ ದಿನ ಮುದ್ದೇಬಿಹಾಳಕ್ಕೆ ಬಂದವರು ತಮ್ಮ ತಮ್ಮ ಊರಿನ ಹೆಸರಿನ ಕೆಳಗೆ ನಿಲ್ಲತೊಡಗಿದರು. ‘ನಮ್ಮೂರ ಕೆಳಗ ನಿಂತಿರ್ತೇನಿ, ಬಾ’ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಹೆಣ್ಣು ಗಂಡಿನ ಮಾತುಕತೆ ಅಲ್ಲೇ ಶುರುವಾಗುತ್ತಿತ್ತು. ಯಾರು ತೀರಿಕೊಂಡರು, ಯಾರಿಗೆ ಮೊಮ್ಮಗು ಹುಟ್ಟಿತು ಎಂಬುದೂ ಅಲ್ಲೇ ತಿಳಿಯುತ್ತಿತ್ತು. ನೀರಿನಡಿ ಹೋದ ಊರು ವಾರಕ್ಕೊಮ್ಮೆ ಎರಡು ತಾಸು ಆ ಗೋಡೆಗೆ ಬಂದು ಹೋಗುತ್ತಿತ್ತು.

ಆಟೋದವನಿಗೆ ನಿಲ್ಲಿಸಲು ಹೇಳಿ ಜೈನುದ್ದೀನ ಇಳಿದ. ಗೋಡೆಯ ಬಲತುದಿಯಲ್ಲಿ ರುಕ್ಮವ್ವ ಯಾವಾಗಿನಂತೆ ಕೊತ್ತಂಬರಿ, ಕರಿಬೇವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಓದು ಬಾರದು. ಆದರೆ ನಾಲ್ಕನೇ ಸಾಲಿನಲ್ಲಿ ಕೆಳಗಿನಿಂದ ಎರಡನೆಯದು ತನ್ನ ಮಡುವಿನಹಾಳ ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅದರ ಕೆಳಗೇ ವ್ಯಾಪಾರ ಮಾಡಿದ್ದಳು.

“ಯಕ್ಕಾ, ಇದೇನಿದು?” ಎಂದ.

ಅವಳು ತಲೆ ಎತ್ತಲಿಲ್ಲ. ಕೊತ್ತಂಬರಿಗೆ ನೀರು ಚಿಮುಕಿಸುತ್ತಲೇ ಹೇಳಿದಳು, “ನನ್ನ ಯಾಕ ಕೇಳ್ತಿ? ಸಹಿ ಮಾಡಿದವ ನೀನ ಅಲ್ಲೇನು? ಜಿನ್ನಿನ ಗುರಪ್ಪಗೌಡ ಕಾಗದ ತೋರಿಸ್ಯಾನ ಎಲ್ಲಾರಿಗೂ.”

ಜೈನುದ್ದೀನ ಗೋಡೆಯ ಕಡೆ ತಿರುಗಿದ. ಸಹಿ ಮಾಡಿದ್ದು ಹೌದು. ಬೇಸಿಗೆಯ ಮೊದಲಿಗೆ ಚೇತನಕುಮಾರ ಎಂಬವನು ಬಂದಿದ್ದ, ಪ್ರತಿಷ್ಠಾನದ ಮುಖ್ಯಸ್ಥ. ಗೋಡೆಯ ಫೋಟೋ ಹೊಡೆದ, ಅಕ್ಷರದ ಮೇಲೆ ಕೈಯಾಡಿಸಿದ, ‘ಇಂಥ ಕೈ ಈಗ ಎಲ್ಲಿದೆ ಸರ್’ ಎಂದ. ಫ್ಲೆಕ್ಸ್ ಬಂದ ಮೇಲೆ ಜೈನುದ್ದೀನನನ್ನು ಸರ್ ಎಂದವರಿರಲಿಲ್ಲ. ಈ ಗೋಡೆಗೆ ಹೊಸ ಜೀವ ಕೊಡೋಣ ಎಂದಾಗ, ಬಣ್ಣ ಮಾಸಿದ ಅಕ್ಷರಗಳಿಗೆ ಹೊಸ ಬಣ್ಣ ಬರುತ್ತದೆ ಎಂದೇ ಅವನು ತಿಳಿದ. ‘ಅಕ್ಷರ ನಾನ ಬರೀಲೇನ್ರಿ?’ ಎಂದು ಕೇಳಿಯೂ ಇದ್ದ. ‘ನೀವಿಲ್ಲದೆ ಹೇಗೆ ಸರ್’ ಎಂದಿದ್ದ ಚೇತನಕುಮಾರ. ಜಿನ್ನಿನ ಮಾಲೀಕ ಗುರಪ್ಪಗೌಡ ಪೇಂಟರ ಒಪ್ಪಿದರೆ ತನ್ನದೇನೂ ತಕರಾರಿಲ್ಲ ಎಂದ. ಮೂರು ಪುಟದ ಕಾಗದ. ಕಣ್ಣಿಗೆ ಪೊರೆ ಬಂದಿತ್ತು, ಓದಲಾಗಲಿಲ್ಲ. ಓದಿ ಹೇಳಿ ಎನ್ನುವುದಕ್ಕೆ ನಾಚಿಕೆಯಾಗಿತ್ತು, ಸರ್ ಅನ್ನಿಸಿಕೊಂಡವನಿಗೆ.

“ನನಗ ಹೇಳಿದ್ದ ಬ್ಯಾರೆ, ಯಕ್ಕಾ.”

“ನಿನಗೇನ ಹೇಳಿದ್ರೋ ನನಗೊತ್ತಿಲ್ಲ. ಹೋದ ಸಂತಿಗೆ ಕರಿಬೂದಿ ಊರಿನವರು ಬಂದು ಎಲ್ಲಿ ನಿಲ್ಲಬೇಕಂತ ತಿಳೀದ ಆ ತುದಿಯಿಂದ ಈ ತುದಿಗೆ ಅಡ್ಡಾಡಿದ್ರು. ಒಬ್ಬಾಕಿ ಆ ಮೀನಿನ ಕೆಳಗ ನಿಂತಳು, ಒಬ್ಬಾಕಿ ಈ ಮೀನಿನ ಕೆಳಗ. ಒಬ್ಬರಿಗೊಬ್ಬರು ಸಿಗದನ ಹೋದ್ರು.”

ಜೈನುದ್ದೀನ ಅಂದಿನಿಂದ ಹತ್ತು ದಿನ ಫೋನು ಮಾಡಿದ. ಚೇತನಕುಮಾರ ಮೀಟಿಂಗಿನಲ್ಲಿದ್ದಾರೆ ಎಂದು ಯಾರೋ ಹೇಳುತ್ತಿದ್ದರು. ಹನ್ನೊಂದನೇ ದಿನ ಅವರ ಕಡೆಯಿಂದಲೇ ದಪ್ಪ ಕಾಗದದ ಆಮಂತ್ರಣ ಬಂತು. ವಿಜಯಪುರದಲ್ಲಿ ಪ್ರತಿಷ್ಠಾನದ ಹೊಸ ಮ್ಯೂಸಿಯಂ. ಅದರ ಮೊದಲ ಪ್ರದರ್ಶನ, ‘ಮರೆಯಾದ ಅಕ್ಷರ’. ಹಿರಿಯ ಕಲಾವಿದರಾದ ತಾವು ಬರಬೇಕು ಎಂದು ಬರೆದಿತ್ತು.

ಹೋಗುತ್ತೇನೆ ಎಂದು ಅವನು ರುಕ್ಮವ್ವನಿಗೆ ಹೇಳಿದಾಗ ಅವಳು ಬುಟ್ಟಿಯ ಮೇಲೆ ಹಸಿ ಗೋಣಿಚೀಲ ಹೊದಿಸಿದಳು.

“ನಾನೂ ಬರ್ತೇನಿ. ನೀ ಒಬ್ಬವನ ಹೋದ್ರ ಮತ್ತೊಂದು ಸಹಿ ಮಾಡಿ ಬರ್ತಿ.”

ಇಬ್ಬರೂ ಬಾಗೇವಾಡಿ ದಾರಿಯ ಬಸ್ ಹಿಡಿದು ವಿಜಯಪುರಕ್ಕೆ ಹೋದರು.

ಮ್ಯೂಸಿಯಂ ತಣ್ಣಗಿತ್ತು. ಬಿಳೀ ಗೋಡೆಗಳು, ಮೇಲಿಂದ ಇಳಿಬಿಟ್ಟ ದೀಪಗಳು. ಹಳೇ ಅಂಗಡಿ ಬೋರ್ಡುಗಳು, ಡಬ್ಬಿಗಳು, ಸವೆದ ಬ್ರಷ್ಷುಗಳು ಗಾಜಿನೊಳಗೆ ಕೂತಿದ್ದವು. ಎದುರಿನ ಗೋಡೆಯ ತುಂಬ ಒಂದು ಫೋಟೋ. ಹಳದಿ ನೆಲ, ಕಪ್ಪು ಅಕ್ಷರ, ಕೆಂಪು ನೆರಳು. ಅವನ ಗೋಡೆಯೇ. ಹತ್ತಾರು ಜನ ಅದರ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರು.

ಪಕ್ಕದ ಚೀಟಿಯನ್ನು ಅವನು ಹೊಸ ಕಣ್ಣಿನಿಂದ ಸ್ಪಷ್ಟವಾಗಿ ಓದಿದ. ‘ಮುಳುಗಡೆ ಗ್ರಾಮಗಳ ಗೋಡೆಬರಹ. ಕಲಾವಿದ: ಜೈನುದ್ದೀನ, ಮುದ್ದೇಬಿಹಾಳ. ಕಾಲನ ಹೊಡೆತಕ್ಕೆ ಸಿಕ್ಕಿ ಈ ಅಪೂರ್ವ ಕೃತಿ ಇಂದು ಅಳಿದುಹೋಗಿದೆ.’

ಎರಡನೇ ಸಲ ಓದಿದ. ಹೆಸರು ಸರಿಯಾಗಿತ್ತು. ಊರು ಸರಿಯಾಗಿತ್ತು.

“ಏನ ಬರದಾರ?” ರುಕ್ಮವ್ವ ಕೇಳಿದಳು. ಅವನು ಓದಿ ಹೇಳಿದ. ಅವಳು ಫೋಟೋದ ಬಲತುದಿಗೆ ಹೋಗಿ ನಿಂತು, ಮೇಲೆ ಕೆಳಗೆ ನೋಡಿದಳು. “ನಮ್ಮೂರು ಎಲ್ಲೈತಿ? ಈ ಕಡೀಕ ಇರಬೇಕಿತ್ತು. ಗೋಡಿ ಇಲ್ಲೇ ಮುಗಿಸ್ಯಾರಲ್ಲ.”

ಜೈನುದ್ದೀನ ಎಣಿಸಿದ. ಮೂರೇ ಸಾಲು. ಫೋಟೋ ಚೌಕಟ್ಟಿಗೆ ಕೂರಲಿ ಎಂದು ನಾಲ್ಕನೇ ಸಾಲಿನ ಏಳೂ ಊರುಗಳನ್ನು ಕತ್ತರಿಸಿ ಬಿಟ್ಟಿದ್ದರು.

ಅಷ್ಟರಲ್ಲಿ ಚೇತನಕುಮಾರ ಎರಡೂ ಕೈ ಚಾಚಿಕೊಂಡು ಬಂದ. ಖಾದಿ ಅಂಗಿ, ಮುಖದ ತುಂಬ ನಗೆ. “ಸರ್, ಬಂದಿರಲ್ಲ, ತುಂಬಾ ಸಂತೋಷ. ಹೇಗಿದೆ ನಿಮ್ಮ ಗೋಡೆ?”

“ಕಾಲ ಅಂದ್ರ ಯಾರ್ರಿ?” ಎಂದ ಜೈನುದ್ದೀನ.

“ಅರ್ಥವಾಗಲಿಲ್ಲ ಸರ್.”

“ಕಾಲ ಅಳಿಸೇತಿ ಅಂತ ಬರದೀರಿ. ಇಪ್ಪತ್ತು ವರ್ಷ ಬಿಸಲಾಗ, ಮಳ್ಯಾಗ ನಿಂತಿದ್ದು ನನ್ನ ಅಕ್ಷರ. ಹೊಲಿಗಿ ಅಂಗಡಿಯವರು ಚೀಟಿ ಹಚ್ಚಿದ್ರು, ಎಲೆಕ್ಷನ್ನಿನವರು ಪೋಸ್ಟರ್ ಹಚ್ಚಿದ್ರು, ಆದ್ರೂ ಹೋಗಿರಲಿಲ್ಲ. ನೀವು ಬಂದು ಒಂದ ತಿಂಗಳದಾಗ ಹೋತು. ಹಂಗಂದ್ರ ಕಾಲ ನೀವ ಏನ್ರಿ?”

ಸುತ್ತಲಿದ್ದವರು ತಿರುಗಿ ನೋಡಿದರು. ಚೇತನಕುಮಾರ ದನಿ ತಗ್ಗಿಸಿದ. “ಸರ್, ಆ ಬಣ್ಣ ಹೇಗೂ ಉದುರ್ತಾ ಇತ್ತು. ಅದನ್ನ ನಾವು ಇಲ್ಲಿ ಉಳಿಸಿದ್ದೀವಿ. ಅಲ್ಲಿ ಹೊಸ ಕೃತಿ ಬಂದಿದೆ. ಅರವತ್ತು ಜನ ಕಾಲೇಜು ಹುಡುಗರು ಸೇರಿ ಮಾಡಿದ್ದು. ಸಮುದಾಯ ಅಂದ್ರೆ ಅವರೂ ಅಲ್ವಾ?”

“ಹೌದ್ರಿ, ಅವ್ರೂ ನಮ್ಮ ಮಕ್ಕಳ. ಅವ್ರಿಗೆ ನೀವು ಹೇಳಿದ್ರೇನು, ಆ ಹೆಸರು ಏನಂತ?”

ಚೇತನಕುಮಾರ ಅಂಗಿಯ ತೋಳು ಸರಿಮಾಡಿಕೊಂಡ. ಆಮೇಲೆ, “ನೀವೇ ಸಹಿ ಮಾಡಿದ್ರಿ ಸರ್” ಎಂದ, ಮೆತ್ತಗೆ, ನಗು ಬಿಡದೆ.

ಜೈನುದ್ದೀನನಿಗೆ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಅರವತ್ತೆರಡು ವರ್ಷದಲ್ಲಿ ಯಾರ ಮೇಲೂ ಕೈ ಮಾಡಿದವನಲ್ಲ. ಆ ಮಾತು ಸುಳ್ಳಲ್ಲ ಎಂಬುದೇ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

“ಹೌದು, ಮಾಡೀನಿ,” ಎಂದ. “ಅದನ್ನೂ ಬರೀರಿ. ಯಾರು ಅಳಿಸಿದ್ರು, ಯಾರು ಸಹಿ ಮಾಡಿದ್ರು, ಎರಡೂ ಬರೀರಿ. ಈ ಚೀಟಿ ತಗೀರಿ.”

“ಅದು ಆಗಲ್ಲ ಸರ್. ಪ್ರತಿಷ್ಠಾನದ ಒಂದು ನಿಲುವು ಅಂತ ಇರುತ್ತೆ.”

ಬಂದವರ ಅಭಿಪ್ರಾಯ ಬರೆಯಲು ಬಾಗಿಲ ಬಳಿ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದರು, ಜೊತೆಗೆ ದಪ್ಪ ಕಪ್ಪು ಮಾರ್ಕರ್. ಜೈನುದ್ದೀನ ಹೋಗಿ ಮಾರ್ಕರ್ ತಂದ. ಅದರ ಮುಚ್ಚಳ ತೆಗೆಯುವುದನ್ನು ನೋಡಿ ವಾಚ್‌ಮನ್ ಮುಂದೆ ಬಂದ. ರುಕ್ಮವ್ವ ಅವನಿಗೆ ಅಡ್ಡ ನಿಂತಳು.

“ತಮ್ಮಾ, ನನ್ನ ದಬ್ಬಿ ಹೋಗ್ತಿಯೇನು? ದಬ್ಬು. ಇಷ್ಟ ಮಂದಿ ಫೋಟೋ ತಗ್ಯಾಕತ್ತಾರ, ಅದನ್ನೂ ತಗೀಲಿ.”

ವಾಚ್‌ಮನ್ ಚೇತನಕುಮಾರನ ಕಡೆ ನೋಡಿದ. ಚೇತನಕುಮಾರ ಮೊಬೈಲುಗಳ ಕಡೆ ನೋಡಿದ.

ಜೈನುದ್ದೀನ ‘ಕಾಲನ ಹೊಡೆತಕ್ಕೆ’ ಎಂಬುದರ ಮೇಲೆ ಗೆರೆ ಎಳೆದ. ಚೀಟಿಯಲ್ಲಿ ಜಾಗ ಸಾಲಲಿಲ್ಲ. ಕೆಳಗಿನ ಬಿಳೀ ಗೋಡೆಯ ಮೇಲೇ ಬರೆದ. ‘ಇದನ್ನು ಅಳಿಸಿದವರು ನೆಲದನಿ ಪ್ರತಿಷ್ಠಾನದವರು. ಓದದೆ ಸಹಿ ಮಾಡಿದವನು ನಾನು. ಮೂವತ್ತೊಂದು ಊರಿನಲ್ಲಿ ಏಳು ಊರು ಈ ಫೋಟೋದಲ್ಲೂ ಇಲ್ಲ. ಜೈನುದ್ದೀನ ಪೇಂಟರ್.’

ಮಾರ್ಕರಿನ ಮುಚ್ಚಳ ಹಾಕಿ ಚೇತನಕುಮಾರನ ಕೈಗೆ ಕೊಟ್ಟು ಹೊರಗೆ ಬಂದ. ಯಾರೂ ತಡೆಯಲಿಲ್ಲ.

ಮುಂದಿನ ಸಂತೆಯ ದಿನ ಬೆಳಿಗ್ಗೆ ಎಂಟಕ್ಕೆ ಅವನು ಏಣಿ, ಹಳದಿ, ಕಪ್ಪು, ಕೆಂಪು ಡಬ್ಬಿಗಳೊಂದಿಗೆ ಜಿನ್ನಿನ ಗೋಡೆಯ ಮುಂದಿದ್ದ. ಬಲತುದಿಯಿಂದ ಹೊಳೆಯ ಮೇಲೆ ಹಳದಿ ಬಳಿಯತೊಡಗಿದ. ಸುದ್ದಿ ತಿಳಿದು ಗುರಪ್ಪಗೌಡ ಮೋಟರ್ ಸೈಕಲ್ ಮೇಲೆ ಬಂದ.

“ಜೈನುದ್ದೀನ, ಐದು ವರ್ಷ ಗೋಡಿ ಮುಟ್ಟಬಾರದಂತ ಕಾಗದದಾಗ ಐತಿ. ಕೇಸ್ ಗೀಸ್ ಆದೀತು.”

“ಆಗಲ್ರಿ ಗೌಡ್ರ. ನನ್ನ ಹೆಸರಲೇ ಆಗಲಿ. ಏಣಿ ನಂದು, ಬಣ್ಣ ನಂದು, ಸಹಿನೂ ನಂದು.”

ಗುರಪ್ಪಗೌಡ ಸೇರಿದ್ದ ಜನರನ್ನು ನೋಡಿದ. ನಾನು ಊರಲ್ಲಿರಲಿಲ್ಲ ಅಂತ ಹೇಳ್ತೇನಿ ಎಂದು ಗಾಡಿ ತಿರುಗಿಸಿಕೊಂಡು ಹೋದ.

ಮೂರು ಸಾಲಿನ ಹೆಸರುಗಳು ಮ್ಯೂಸಿಯಂನ ಫೋಟೋದಿಂದ ಸಿಕ್ಕಿದ್ದವು. ಯಾರೋ ಮೊಬೈಲಿನಲ್ಲಿ ತೆಗೆದದ್ದು ಎಲ್ಲರ ಫೋನಿಗೂ ಬಂದಿತ್ತು. ನಾಲ್ಕನೇ ಸಾಲಿನಲ್ಲಿ ಅವನಿಗೆ ಐದೇ ನೆನಪಿದ್ದವು. ಕೆಳಗೆ ನಿಂತವರು ಕೂಗಿ ಹೇಳಿದರು. ಆರನೆಯದು ಸಿಕ್ಕಿತು. ಏಳನೆಯದಕ್ಕೆ ಜಗಳವೇ ಆಯಿತು. ಹೊಳಿಹಂಚಿ ಎಂದು ಒಬ್ಬ, ಅದು ಮೊದಲ ಸಾಲಿನಲ್ಲೇ ಇದೆಯಲ್ಲ ಎಂದು ಇನ್ನೊಬ್ಬ. ಕೊನೆಗೆ ಮೋದಿನಸಾಬ ಎಂಬ ಮುದುಕ, ದನದ ಸಂತೆಗೆ ಬಂದವನು, ಗುಂಪು ಸರಿಸಿಕೊಂಡು ಮುಂದೆ ಬಂದ. “ಸಣ್ಣಕೊಪ್ಪ. ಹದಿನಾಲ್ಕ ಮನಿ ಇದ್ದವು. ನಮ್ಮ ಮನೀನೂ ಒಂದು. ಯಾರಿಗೂ ನೆನಪಿಲ್ಲೇನು?”

ಯಾರಿಗೂ ಇರಲಿಲ್ಲ. ಜೈನುದ್ದೀನ ಏಣಿಯ ಮೇಲಿಂದ ಅವನನ್ನು ನೋಡಿ, “ನಂದ ತಪ್ಪು ಚಾಚಾ” ಎಂದು ಸಣ್ಣಕೊಪ್ಪ ಬರೆದ.

ಮಧ್ಯಾಹ್ನ ನಗುವ ಹೆಂಗಸಿನ ಮುಖಕ್ಕೆ ಹಳದಿ ಬಳಿಯುತ್ತಿದ್ದಾಗ ಫೋನು ಬಂತು. ಚೇತನಕುಮಾರ.

“ಸರ್, ನೀವು ಗೋಡೆ ಬಳೀತಿರೋ ವಿಡಿಯೋ ನೋಡಿದೆ. ಅದ್ಭುತ. ನಿಜ ಹೇಳ್ತೀನಿ, ಮೊದಲು ಬೇಜಾರಾಗಿತ್ತು, ಈಗಿಲ್ಲ. ಇದೇ ನಮಗೆ ಬೇಕಾಗಿದ್ದು, ಸಮುದಾಯದ ಪ್ರತಿಸ್ಪಂದನ. ನಾಳೆ ನಮ್ಮ ತಂಡ ಕಳಿಸ್ತೀನಿ. ಪೂರ್ತಿ ಚಿತ್ರೀಕರಿಸಿ ಮುಂದಿನ ಪ್ರದರ್ಶನಕ್ಕೆ...”

ಜೈನುದ್ದೀನ ಏಣಿಯಿಂದ ಇಳಿದ. ಇಷ್ಟು ದಿನ ಸಿಟ್ಟಿನ ಹಿಂದೆ ಎಲ್ಲೋ ಒಂದು ಆಸೆ ಇತ್ತು, ಆ ಮನುಷ್ಯನಿಗೆ ತನ್ನ ತಪ್ಪು ಏನೆಂದು ಯಾವತ್ತಾದರೂ ತಿಳಿದೀತು ಎಂದು. ಅದು ಈಗ ಹೋಯಿತು.

“ಕೇಳ್ರಿ,” ಎಂದ. ದನಿ ಏರಿಸಲಿಲ್ಲ. “ನಿಮ್ಮ ಮಂದಿ ಕ್ಯಾಮೆರಾ ತಗೊಂಡು ಈ ಗೋಡಿ ಮುಂದ ಬಂದ್ರ, ಸಂತಿ ಮಂದೀನ ಕರದು ನೀವ ಅಳಿಸಿದವರು ಅಂತ ಹೇಳ್ತೇನಿ. ಆಮ್ಯಾಲ ಅವರು ಏನ ಮಾಡ್ತಾರ ನನಗೊತ್ತಿಲ್ಲ. ನಮ್ಮ ಸಿಟ್ಟನ್ನೂ ಒಯ್ದು ಗಾಜಿನಾಗ ಇಡಬ್ಯಾಡ್ರಿ.”

ಫೋನು ಇಟ್ಟು, ಆ ನಂಬರನ್ನು ಬ್ಲಾಕ್ ಮಾಡಿಸಿದ. ಚೇತನಕುಮಾರನ ತಂಡ ಬರಲಿಲ್ಲ. ಹದಿನೈದು ದಿನಕ್ಕೆ ವಕೀಲರ ನೋಟಿಸ್ ಬಂತು. ಜೈನುದ್ದೀನ ಈ ಸಲ ಅದನ್ನು ಮೊದಲಿಂದ ಕೊನೆವರೆಗೆ ಓದಿದ, ಉತ್ತರಕ್ಕೆ ಊರಿನ ವಕೀಲರಲ್ಲಿಗೆ ಹೋದ.

ರುಕ್ಮವ್ವ ಅವನೊಡನೆ ಮೊದಲಿನಂತೆ ಮಾತಾಡುವುದಿಲ್ಲ. ಮಡುವಿನಹಾಳದ ಅಕ್ಷರ ಒಣಗಿದ ದಿನ ಅವಳು ಬುಟ್ಟಿಯನ್ನು ಅದರ ಕೆಳಗೆ ಸರಿಸಿಕೊಂಡಳು. ಸರಿ ಬಂದೈತೇನು ಯಕ್ಕಾ ಎಂದು ಅವನು ಕೇಳಿದ.

“ಓದಾಕ ಬರೂದಿಲ್ಲ ನನಗ,” ಎಂದಳು. “ಮಂದಿ ಬಂದು ನಿಂತ್ರ ಗೊತ್ತಾಗತೈತಿ.”