ಎಡಗಡೆಯ ನೆಲ

ಆ ಬೀದಿಯಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬಸ್ಸು, ವ್ಯಾನು, ಸ್ಕೂಟರು, ಯಾವುದರ ಸೀಟು ಹರಿದರೂ ಹೊಲಿದುಕೊಡುತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಎಲ್ಲರಿಗೂ ಅವಳು ಸೀಟಕ್ಕ. ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅವಳ ಗಂಡನನ್ನೂ ಜನ ‘ಸೀಟಕ್ಕನ ಯಜಮಾನರು’ ಎಂದೇ ಕರೆಯುತ್ತಿದ್ದರು. ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಅವರ ಅಭಿಮಾನವೆಲ್ಲ ಷೆಡ್ಡಿನಲ್ಲಿ ಹದಿನೆಂಟು ವರ್ಷದಿಂದ ನಿಂತಿದ್ದ, ಬಣ್ಣ ಮಾಸಿದ, ಎರಡೇ ಸೀಟಿನ ಹಸಿರು ಸ್ಪೋರ್ಟ್ಸ್ ಕಾರಿನ ಮೇಲಿತ್ತು.

ಕೊಂಡಾಗಲೇ ಅದು ಮುದಿ. “ಒಂದು ವರ್ಷ ಕೊಡು, ಮದುಮಗಳ ಹಾಗೆ ಮಾಡಿ ನಿಲ್ಲಿಸ್ತೀನಿ” ಎಂದಿದ್ದರು. ಎಂಜಿನ್ ಬಿಚ್ಚಿದರು, ಜೋಡಿಸಿದರು, ಮನಸ್ಸಿಗೆ ಬಾರದೆ ಮತ್ತೆ ಬಿಚ್ಚಿದರು. ಕೊನೆಗೆ ಎಂಜಿನ್ ಏನೋ ಗಡಿಯಾರದಂತಾಯಿತು. ಆದರೆ ಷೆಡ್ಡಿನ ಸೂರು ಸೋರಿ, ನೀರು ಬಾಗಿಲ ಸಂದಿಯಲ್ಲಿ ಇಳಿದಿಳಿದು, ಎಡಗಡೆಯ ಸೀಟಿನ ಕೆಳಗಿನ ತಗಡು ಬೆರಳಿಟ್ಟರೆ ಪುಡಿಯಾಗುವಷ್ಟು ತುಕ್ಕು ತಿಂದಿತ್ತು. ಅಷ್ಟರಲ್ಲಿ ಅವರ ಮೊಣಕಾಲೂ ಕೈಕೊಟ್ಟಿತು. “ಒಳಗೆ ಹೋಗೋಕೆ ನಾನೊಬ್ಬ ಸಾಕು, ಹೊರಗೆ ಬರೋಕೆ ಕ್ರೇನ್ ಬೇಕು ಕಣೇ” ಎಂದು ನಕ್ಕ ದಿನವೇ, ಮಾರಿಬಿಡೋಣ ಎಂದೂ ಹೇಳಿದರು.

ಜಾಹೀರಾತನ್ನು ಅವರು ಹೇಳಿದರು, ಅವಳು ಫೋನಿನಲ್ಲಿ ಒತ್ತಿದಳು. ‘ಹಳೆಯ ಸ್ಪೋರ್ಟ್ಸ್ ಕಾರು. ಆಸೆಯಿದ್ದವರು ಕಡಿಮೆ ಖರ್ಚಿನಲ್ಲಿ ಸರಿಮಾಡಿಕೊಳ್ಳಬಹುದು. ಎಂಜಿನ್ ಚೆನ್ನಾಗಿದೆ. ಇನ್ನೂ ಕೆಲಸ ಬಹಳವಿದೆ. ಎಡಗಡೆಯ ನೆಲ ಪೂರ್ತಿ ಹೋಗಿದೆ, ಬದಲಾಯಿಸದೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬಾರದು.’

“ಕೊನೇ ಸಾಲು ಇಷ್ಟು ಖಾರವಾಗಿ ಬೇಕೇನ್ರೀ?”

“ಹಾಕು, ಹಾಕು. ಬಾಯಿ ಮುಚ್ಕೊಂಡ್ರೆ ಹುಳುಕು ಹಲ್ಲು ವಾಸಿಯಾಗುತ್ತಾ?”

ಮೂರು ತಿಂಗಳು ಕೊಳ್ಳುವವರು ಒಬ್ಬರೂ ಬರಲಿಲ್ಲ. ಬಂದವನು ಗುಜರಿಯವನು. ಕಾರಿನ ಸುತ್ತ ಒಂದು ಸುತ್ತು ಹಾಕಿ, “ಕಿಲೋ ಲೆಕ್ಕದಲ್ಲಾದ್ರೆ ಇವತ್ತೇ ಎತ್ಕೊಂಡು ಹೋಗ್ತೀನಿ” ಎಂದ. ಅವತ್ತು ಊಟಕ್ಕೆ ಕೂತ ಯಜಮಾನರು ತಟ್ಟೆ ನೋಡುತ್ತಲೇ ಕೇಳಿದರು: “ಯಾರಿಗೂ ಬೇಡದ್ದನ್ನ ಹದಿನೆಂಟು ವರ್ಷ ಸಾಕಿದ್ನೇನೇ ನಾನು?”

ಬರೆದ ಚಿತ್ರವನ್ನು ಯಾರೂ ನೋಡಲಿಲ್ಲವೆಂದು ಮೂಲೆ ಸೇರಿದ ಮಗುವಿನ ಮುಖ ಅದು. ಸೀಟಕ್ಕನ ಕರುಳು ಚುರುಕ್ಕೆಂದಿತು. ಮುಂದೆ ಅವಳು ಮಾಡಿದ್ದೆಲ್ಲ ಆ ಚುರುಕಿನಿಂದಲೇ. ಮಾರನೆಯ ದಿನ ಅವರು ಕಾಲಿನ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋದಾಗ ಜಾಹೀರಾತಿನ ಕೊನೆಯ ಸಾಲನ್ನು ಅಳಿಸಿದಳು. ಸಾಲು ಹೋದರೆ ತೂತು ಹೋದೀತೆ? ಸೀಟು ಬಿಚ್ಚಿ, ಪ್ಲೈವುಡ್ ಹಲಗೆ ಕೊಯ್ದು ತೂತಿನ ಮೇಲಿಟ್ಟು, ಅದರ ಮೇಲೆ ಬೂದುಬಣ್ಣದ ಕಾರ್ಪೆಟ್ ಹಾಸಿ ಅಂಟಿಸಿದಳು. ಸೀಟಿನ ಬೋಲ್ಟು ಹಿಡಿಯಲು ತಗಡೇ ಇರಲಿಲ್ಲವಾಗಿ ಆ ಹಲಗೆಗೇ ಬಿಗಿದಳು. ಕೆಟ್ಟ ಕೆಲಸವನ್ನು ಕೆಟ್ಟದಾಗಿಯೇ ಮಾಡಿದ್ದರೆ ಯಾರಾದರೂ ಕಂಡುಹಿಡಿಯುತ್ತಿದ್ದರೇನೋ. ಆದರೆ ಸೂಜಿ ಹಿಡಿದ ಮೇಲೆ ಅವಳ ಕೈ ಒರಟು ಕೆಲಸ ಮಾಡಿದ್ದೇ ಇಲ್ಲ. ಕಾರ್ಪೆಟ್ಟಿನ ಅಂಚಿಗೆ ಪಟ್ಟಿ ಕೊಟ್ಟು ಸುತ್ತಲೂ ಹೊಲಿದಳು.

“ತೂತಿನ ಮೇಲೆ ಇದ್ಯಾಕೇ?” ಎಂದರು ಯಜಮಾನರು ಬಂದವರೇ.

“ಕಣ್ಣಿಗೆ ಚೆನ್ನಾಗಿರ್ಲಿ ಅಂತ. ಜಾಹೀರಾತಲ್ಲಿ ಹೇಗೂ ಹೇಳಿದೀವಲ್ಲ” ಎಂದಳು. ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ.

ಎಂಟೇ ದಿನದಲ್ಲಿ ಒಬ್ಬ ಗಣಿತದ ಮೇಷ್ಟ್ರು ಬಂದರು, ಜೊತೆಗೆ ಅವರ ತಾಯಿ. ಮೇಷ್ಟ್ರದು ಇನ್ನೂ ಎಳೆಯ ವಯಸ್ಸು. ಕಾರು ಕಂಡದ್ದೇ ಮಾತು ಮರೆತರು. ಟೈರುಗಳಲ್ಲಿ ಗಾಳಿಯಿಲ್ಲದೆ ಕಾರು ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿತ್ತು. ಕೆಳಗೆ ಬಗ್ಗಿ ನೋಡುವ ಮಾತೇ ಇರಲಿಲ್ಲ.

“ಎರಡೇ ಸೀಟೇನೋ?” ಎಂದರು ತಾಯಿ. “ನಾಳೆ ಹೆಂಡ್ತಿ ಬಂದ್ರೆ ನನ್ನನ್ನೆಲ್ಲಿ ಕೂರಿಸ್ತೀಯ, ತಲೆ ಮೇಲಾ?”

“ಮದುವೆ ಆಗೋವರೆಗೆ ಆ ಸೀಟು ನಿಂದೇ ಅಮ್ಮ.”

“ಹಾಗಾದ್ರೆ ಪರ್ಮನೆಂಟು ಅನ್ನು.”

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀಟಕ್ಕ ಸೆರಗಿನ ತುದಿಯಿಂದ ಸೀಟಿನ ಮೇಲೆ ಇಲ್ಲದ ಧೂಳು ಒರೆಸಿದಳು.

“ಜಾಹೀರಾತು ಪೂರ್ತಿ ಓದಿದೀರಲ್ಲ ಮೇಷ್ಟ್ರೇ? ಕೆಲಸ ಇದೆ. ಆಮೇಲೆ ಹೇಳ್ಲಿಲ್ಲ ಅನ್ಬಾರ್ದು” ಎಂದರು ಯಜಮಾನರು.

“ನಾಲ್ಕು ಸಲ ಓದಿದೀನಿ ಸಾರ್. ಕೆಲಸ ಇದೆ ಅಂತಾನೇ ತಗೋತಿರೋದು.”

ಅಷ್ಟರಲ್ಲಿ ತಾಯಿ ಕಾರ್ಪೆಟ್ಟಿನ ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು. “ಇಲ್ನೋಡೋ, ಒಂದು ಹೊಲಿಗೆ ಆಚೀಚೆ ಆಗಿಲ್ಲ. ಕಾಲಿಡೋ ಜಾಗಾನೇ ಹೀಗಿಟ್ಕೊಂಡಿದಾರೆ ಅಂದ್ರೆ ಮಿಕ್ಕಿದ್ದು ನೋಡೋದೇ ಬೇಡ. ತಗೋ.”

ಆಗ ಹೇಳಬಹುದಿತ್ತು. ಸೀಟಕ್ಕ ಬಾಯಿಯನ್ನೂ ತೆರೆದಳು. ಹೊರಬಂದದ್ದು “ಟೀ ತರ್ತೀನಿ” ಎಂಬ ಮಾತು.

ಕಾರು ಲಾರಿ ಏರಿ ಹೋಯಿತು. ಯಜಮಾನರು ಕ್ಷೌರದಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ, ಕಂಡಕಂಡವರಲ್ಲಿ ಹೇಳಿದ್ದೇ ಹೇಳಿದ್ದು: “ಆ ಹುಡುಗನ ಗುಂಡಿಗೆ ನೋಡಿ! ನೆಲ ಹೋಗಿದೆ ಅಂತ ಬರೆದಿದ್ರೂ ನಗ್ತಾನೇ ತಗೊಂಡ. ಇದ್ದದ್ದು ಇದ್ದಹಾಗೆ ಹೇಳಿ ಮಾರಿದೀನಪ್ಪ, ನಿದ್ದೆ ಚೆನ್ನಾಗಿ ಬರುತ್ತೆ.” ನಿದ್ದೆ ಅವರಿಗೆ ಬರುತ್ತಿತ್ತು. ಸೀಟಕ್ಕನ ಮಿಷನ್ನಿನಲ್ಲಿ ಒಂದೇ ವಾರ ಮೂರು ಸೂಜಿ ಮುರಿದವು. ಪಕ್ಕದ ಮನೆಯವಳು ನೆಲ ಒರೆಸಬೇಕು ಎಂದರೂ ಸಾಕು, ಕುಂಬಳಕಾಯಿ ಕಳ್ಳನಂತೆ ಇವಳ ಕೈ ಹೆಗಲಿಗೆ ಹೋಗುವಂತಾಗಿತ್ತು. ಎದ್ದು ಹೋಗಿ ಹೇಳಬೇಕೆಂದು ದಿನಾ ಬೆಳಗ್ಗೆ ಅಂದುಕೊಳ್ಳುವಳು. ಗಂಡನ ಗೆಲುವಿನ ಮುಖ ಕಂಡು ನಾಳೆಗೆ ಹಾಕುವಳು.

ಮೂರನೆಯ ವಾರ ಮೇಷ್ಟ್ರ ಫೋನು ಬಂತು. “ಅಕ್ಕಾ, ಮೆಕ್ಯಾನಿಕ್ ಬಂದು ಸ್ಟಾರ್ಟ್ ಮಾಡಿಕೊಟ್ಟ. ಎಂಜಿನ್ ಬಂಗಾರ! ಟೈರೂ ಹಾಕಿಸಿದೀನಿ. ಸಂಜೆ ಅಮ್ಮನ್ನ ಒಂದು ಸುತ್ತು ಕರ್ಕೊಂಡು ಹೋಗ್ತಿದೀನಿ. ಸೀಟು ತಗ್ಗಾಯ್ತು ಅಂತಾರೆ, ಒಂದು ದಿಂಬು ಹೊಲಿದು ಕೊಡ್ತೀರಾ?”

“ದಪ್ಪಗಿರ್ಲಿ ಅಂತ ಹೇಳೋ! ದಾರೀಲಿ ನಾಲ್ಕು ಜನಕ್ಕೆ ನನ್ನ ತಲೆ ಕಾಣ್ಬೇಕು!” ಹಿಂದಿನಿಂದ ತಾಯಿಯ ದನಿ.

ಸೀಟಕ್ಕನ ಕಣ್ಣಿಗೆ ಹಲಗೆ ಕಂಡಿತು. ಹಲಗೆ ಬಿರಿದರೆ ಅದರ ಕೆಳಗೆ ಓಡುವ ರಸ್ತೆ ಕಂಡಿತು.

“ಮೇಷ್ಟ್ರೇ, ಅವರನ್ನ ಅದರಲ್ಲಿ ಕೂರಿಸ್ಬೇಡಿ. ನಾನು ಈಗಲೇ ಬಂದೆ.”

ಮನೆಯ ಗುರುತು ಕೇಳಿಕೊಂಡು, ಚಪ್ಪಲಿ ಮೆಟ್ಟಿ, ಅಂಗಡಿಯ ಚಾಕು ಹಿಡಿದು ಹೋದಳು. ಅವರ ಮುಂದೆಯೇ ಸೀಟು ಬಿಚ್ಚಿ, ತನ್ನ ಹೊಲಿಗೆಯನ್ನು ತಾನೇ ಕೊಯ್ದು, ಹಲಗೆ ಎತ್ತಿದಳು. ಮೇಷ್ಟ್ರ ಅಂಗಳದ ಕಲ್ಲುಹಾಸು ತೂತಿನಿಂದ ಸ್ಪಷ್ಟವಾಗಿ ಕಾಣಿಸಿತು.

“ನಮ್ಮ ಯಜಮಾನರು ಜಾಹೀರಾತಲ್ಲಿ ಇದನ್ನ ಬರೆಸಿದ್ರು. ನಾನು ಅಳಿಸಿದೆ. ಮುಚ್ಚಿದ್ದೂ ನಾನೇ.”

ಮೇಷ್ಟ್ರ ಕಿವಿ ಕೆಂಪಾಯಿತು. “ನಾನೂ ನೋಡ್ಬೇಕಿತ್ತು, ಬಿಡಿ” ಎಂದು ತೊದಲಿದರು.

“ನೀನು ನೋಡ್ಬೇಕಿತ್ತು ಅನ್ನೋದು ಬೇರೆ, ಇವರು ಹೇಳ್ಬೇಕಿತ್ತು ಅನ್ನೋದು ಬೇರೆ. ಎರಡನ್ನೂ ಕೂಡಿಸ್ಬೇಡ. ಗಣಿತದ ಮೇಷ್ಟ್ರಂತೆ!” ಎಂದರು ತಾಯಿ. ಆಮೇಲೆ ಸೀಟಕ್ಕನ ಕಡೆ ತಿರುಗಿದರು. “ನಿನ್ನೆ ಇದರಲ್ಲಿ ಒಂದು ಗಂಟೆ ಕೂತಿದ್ದೆನಮ್ಮ. ನಿಂತ ಕಾರಲ್ಲೇ. ಮಗು ಹಾಗೆ ಖುಷಿಪಟ್ಟೆ.”

ಸೀಟಕ್ಕ ಕೊಯ್ದ ಕಾರ್ಪೆಟ್ಟನ್ನು ಸುರುಳಿ ಸುತ್ತತೊಡಗಿದಳು.

“ನಿಮ್ಮ ಯಜಮಾನರಿಗೆ ಗೊತ್ತಾ?”

“ಇಲ್ಲ.”

“ಮೊದಲು ಅವರಿಗೆ ಹೇಳಿ. ಕಾರು ಇಟ್ಕೊಳ್ಳೋದೋ ವಾಪಸ್ ಕೊಡೋದೋ, ಅವರ ಹತ್ರಾನೇ ಮಾತಾಡ್ತೀವಿ. ಮಾರಿದೋರು ಅವರು.”

ಬಂದ ದಾರಿ ಹೋಗುವಾಗ ಎರಡರಷ್ಟಾಗಿತ್ತು. ಯಜಮಾನರು ಖಾಲಿ ಷೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು, ಉಳಿದ ನಟ್ಟು ಬೋಲ್ಟುಗಳನ್ನು ಅಳತೆಗೆ ತಕ್ಕಂತೆ ಡಬ್ಬಿಗಳಿಗೆ ವಿಂಗಡಿಸುತ್ತಿದ್ದರು. “ಮೇಷ್ಟ್ರಿಗೆ ಕೊಡೋಣ ಅಂತ. ಪಾಪ, ಎಲ್ಲಿ ಹುಡುಕ್ತಾನೆ?” ಎಂದರು.

ಅವಳು ನಿಂತೇ, ಎಲ್ಲೂ ತಡೆಯದೆ, ಎಲ್ಲ ಹೇಳಿದಳು.

ಅವರು ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೂಗಾಡಲಿಲ್ಲ. ಕೈಯಲ್ಲಿದ್ದ ಬೋಲ್ಟನ್ನು ಯಾವ ಡಬ್ಬಿಗೆ ಹಾಕಬೇಕೆಂದು ತಿಳಿಯದವರಂತೆ ಹಿಡಿದುಕೊಂಡೇ ಇದ್ದರು.

“ಅವನ ಕೈ ಕುಲುಕಿದೆ ನಾನು” ಎಂದರು ಕೊನೆಗೆ. “ಅವನು ನಗ್ತಿದ್ದ. ತೂತು ಗೊತ್ತಿದ್ದೂ ನಗ್ತಿದಾನೆ ಅಂದ್ಕೊಂಡೆ. ನನ್ನ ಹಾಗೇ ಒಬ್ಬ ಹುಚ್ಚ ಸಿಕ್ಕಿದ ಅಂತ…”

“ನಿಮ್ಮ ಮುಖ ನೋಡೋಕಾಗ್ದೆ ಹಾಗೆ ಮಾಡ್ಬಿಟ್ಟೆ ರೀ.”

“ಈಗ ನೋಡು.”

ನೋಡಿದಳು. ನೋಡುವುದು ಬಿಟ್ಟು ಅವಳಿಗೆ ಬೇರೆ ದಾರಿಯಿರಲಿಲ್ಲ.

ಅವರು ಗೋಡೆ ಹಿಡಿದು ಎದ್ದರು. ಬಾಗಿಲ ಬಳಿ ಕೂತು ಬೂಟಿಗೆ ಕಾಲು ತೂರಿಸಿದರು. ಕಾಲು ಕೆಟ್ಟಾಗಿನಿಂದ ದಾರ ಕಟ್ಟುತ್ತಿದ್ದವಳು ಅವಳು. ಎಂದಿನಂತೆ ಬಗ್ಗಿದಾಗ ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ತಾವೇ ಕಟ್ಟಿಕೊಂಡರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಅವಳು ಬರಬೇಕೋ ಇಲ್ಲೇ ಇರಬೇಕೋ ತಿಳಿಯದೆ ಬಾಗಿಲ ಪಕ್ಕ ನಿಂತೇ ಇದ್ದಳು.

ಗೇಟಿನ ತನಕ ಹೋದವರು ಅಲ್ಲಿಯೇ ನಿಂತರು. ತಿರುಗಿ ನೋಡಲಿಲ್ಲ.

“ಅವರ ಮನೆ ನಂಗೊತ್ತಿಲ್ಲ” ಎಂದರು. “ಮುಂದೆ ನಡಿ.”

ಅವಳು ಮುಂದೆ ನಡೆದಳು. ಹಿಂದೆ ಅವರ ಕುಂಟುವ ಹೆಜ್ಜೆ ಕೇಳುವಷ್ಟು ನಿಧಾನವಾಗಿ.