ಅರ್ಧ ಅರಿಶಿಣದ ಚೆಂಡು

ಕರೆಮ್ಮ ಸುಣ್ಣದ ಡಬ್ಬಿ ಹುಡುಕಿ ತರುವಷ್ಟರಲ್ಲಿ ಅವಳ ಗಂಡ ಗದ್ದೆಪ್ಪ ಟೆನಿಸ್ ಚೆಂಡಿನ ಅರ್ಧಕ್ಕೆ ಅರಿಶಿಣ ಬಳಿದು ಮುಗಿಸಿದ್ದ. ಆಡಿ ಆಡಿ ಎರೆಮಣ್ಣಿನ ಬಣ್ಣಕ್ಕೆ ತಿರುಗಿದ್ದ ಚೆಂಡನ್ನು ಬೆಳಿಗ್ಗೆಯೇ ಸೋಡಾ ಹಾಕಿ ತಿಕ್ಕಿ ತೊಳೆದಿದ್ದ. ಇನ್ನರ್ಧಕ್ಕೆ ಅರಿಶಿಣದಲ್ಲಿ ಸುಣ್ಣ ಕಲಸಿದ ಕೆಂಪು. ಎರಡು ಬಣ್ಣವಿದ್ದರೆ ಚೆಂಡು ತಿರುಗುವುದೂ ಕಾಣುತ್ತದೆ ಎಂಬುದು ಅವನ ಲೆಕ್ಕ.

"ಕಣ್ಣು ಕಾಣಂಗಿಲ್ಲಂದ್ರ ಸಿಂಧನೂರಿಗೆ ಹೋಗಿ ಚಾಳೀಸು ತಗೊಬೇಕ್ರಿ. ಚೆಂಡಿಗ್ಯಾಕ ಸಿಂಗಾರ ಮಾಡಾಕತ್ತೀರಿ?" ಎಂದಳು ಕರೆಮ್ಮ.

"ಕಣ್ಣು ಚೊಲೊ ಅದಾವ. ಚೆಂಡಿನ ಬಣ್ಣ ಸರಿ ಇಲ್ಲ."

ಈ ಮಾತನ್ನು ಸಾಲಗುಂದದಲ್ಲಿ ಅವನೊಬ್ಬನನ್ನು ಬಿಟ್ಟು ಯಾರೂ ನಂಬುತ್ತಿರಲಿಲ್ಲ. ಹೋದ ಅಮಾವಾಸ್ಯೆಯ ಮ್ಯಾಚಿನಲ್ಲಿ ಅವನ ಕಾಲಸಂದಿಯಿಂದಲೇ ಮೂರು ಸಲ ಚೆಂಡು ಹೋಗಿತ್ತು. ಕ್ಯಾಪ್ಟನ್ ಆದೆಪ್ಪ ಖಾಸಾ ಅಕ್ಕನ ಮಗ, ಆದರೂ ಮುಲಾಜಿಲ್ಲದೆ ಹೇಳಿಬಿಟ್ಟಿದ್ದ: "ಮಾವಾ, ಇನ್ನೊಂದು ಬಾಲ್ ಬಿಟ್ಟಿ ಅಂದ್ರ ನೀ ಸ್ಕೋರ್ ಬರಕೊಂತ ಕುಂದ್ರು." ಹದಿನಾರು ವರ್ಷ ಆಡಿದವನ ಕೈಗೆ ಪೆನ್ಸಿಲ್ ಕೊಡುವುದೆಂದರೇನು? ಗದ್ದೆಪ್ಪನಿಗೆ ಎರಡು ದಿನ ಊಟ ಸೇರಿರಲಿಲ್ಲ.

ಅಮಾವಾಸ್ಯೆ ದಿನ ಯಾರೂ ಎತ್ತು ಹೂಡುವುದಿಲ್ಲ, ಹಾಗಾಗಿ ಮ್ಯಾಚುಗಳೆಲ್ಲ ಅಂದೇ. ಎಂಬತ್ತೇಳನೇ ಇಸವಿಯ ಈ ಅಮಾವಾಸ್ಯೆಗೆ ಸಾಲಗುಂದದ ಹನ್ನೊಂದು ಜನ ಟ್ರ್ಯಾಕ್ಟರ್ ಟ್ರಾಲಿ ಹತ್ತಿ ಮಸ್ಕಿಗೆ ಹೋದರು. ಚೆಂಡು ನೋಡಿ ಮಸ್ಕಿಯವರು ಹೊಟ್ಟೆ ಹಿಡಿದು ನಕ್ಕರು. ಗದ್ದೆಪ್ಪ ಕ್ಯಾರೇ ಅನ್ನಲಿಲ್ಲ. ಅಂದು ಅವನ ಕಡೆ ಬಂದ ಒಂದು ಚೆಂಡೂ ದಾಟಿ ಹೋಗಲಿಲ್ಲ.

ಕೊನೆಯ ಚೆಂಡು ಉಳಿಯಿತು. ಗೆಲ್ಲಲು ಮಸ್ಕಿಗೆ ನಾಲ್ಕು ರನ್ ಬೇಕು. ಅವರ ಬ್ಯಾಟ್ಸ್‌ಮನ್ ಬಾಲಪ್ಪ ಬೀಸಿ ಹೊಡೆದ ಹೊಡೆತಕ್ಕೆ ಚೆಂಡು ಬಯಲಿನಂಚಿನ ಮೂರು ದಾರಿ ಕೂಡುವಲ್ಲಿಗೆ ಉರುಳಿತು. ಆ ಕಡೆ ಬೌಂಡರಿ ಇಲ್ಲ, ಓಡಿಯೇ ರನ್ ಗಳಿಸಬೇಕು. ಬೆನ್ನಟ್ಟಿದ ರಾಮಣ್ಣ ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ. ಮಧ್ಯಾಹ್ನವೇ ಯಾರೋ ಕೂಸಿಗೆ ದೃಷ್ಟಿ ನಿವಾಳಿಸಿದ ಅನ್ನದ ಉಂಡೆಗಳನ್ನು ಅಲ್ಲಿ ಇಟ್ಟುಹೋಗಿದ್ದರು; ಮುಟ್ಟಿದವರಿಗೆ ಆ ದೃಷ್ಟಿ ಅಂಟುತ್ತದೆ. ಮೂರು ಉಂಡೆ, ಅರ್ಧ ಹಳದಿ, ಅರ್ಧ ಕೆಂಪು. ಈಗ ನಾಲ್ಕು ಇದ್ದವು.

"ಎತ್ತಲೇ ರಾಮಣ್ಣ," ಕೊನೆಯ ಚೆಂಡು ಹಾಕಿ ಆ ತುದಿಯ ವಿಕೆಟ್ ಬಳಿಯೇ ನಿಂತಿದ್ದ ಆದೆಪ್ಪ ಕೂಗಿದ.

"ಯಾವ್ದು ಎತ್ತಲಿ? ಬೇಕಾದ್ರ ನೀನ ಬಂದು ಎತ್ತು."

ಅಷ್ಟರಲ್ಲಿ ಗದ್ದೆಪ್ಪ ಆಚೆಯಿಂದ ಓಡಿಬಂದ. ಒಂದೇ ಸಲ ನೋಡಿದ, ಒಂದನ್ನು ಎತ್ತಿದ, ಒಗೆದ. ಬಾಲಪ್ಪ ಎರಡು ರನ್ ಮುಗಿಸಿ ಮೂರನೆಯದಕ್ಕೆ ಓಡುತ್ತಿದ್ದ.

"ಸರೀರೋ, ಮಾವ ಉಂಡಿ ಒಗದಾನ," ಎಂದು ಆದೆಪ್ಪ ವಿಕೆಟ್ ಬಿಟ್ಟು ಪಕ್ಕಕ್ಕೆ ಹಾರಿದ. ಮಾವನ ಕಣ್ಣಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ಅದನ್ನು ಕೇಳಿ ಬಾಲಪ್ಪನೂ ಗೆರೆಗೆ ಮೂರು ಹೆಜ್ಜೆ ಇರುವಾಗಲೇ ನಿಂತ. ಅದು ಬಂದು ವಿಕೆಟ್ಟಿನ ಪಕ್ಕ ಬಿತ್ತು. ಯಾರೂ ಅದರ ಹತ್ತಿರ ಹೋಗಲಿಲ್ಲ. ಅಂಪೈರ್ ಆಗಿದ್ದ ಚಹಾದಂಗಡಿಯ ಉಸ್ಮಾನ್‌ಸಾಬ್ ಕೂಡ ಎರಡು ಹೆಜ್ಜೆ ಹಿಂದೆ ಸರಿದ.

ಗದ್ದೆಪ್ಪ ನಡೆದುಕೊಂಡೇ ಬಂದ. ಚೆಂಡನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ನೆಲಕ್ಕೆ ಒಮ್ಮೆ ಪುಟಿಸಿ ಹಿಡಿದು, ವಿಕೆಟ್ ಕೆಡವಿದ. ಉಸ್ಮಾನ್‌ಸಾಬ್ ದೂರದಿಂದಲೇ ಬೆರಳೆತ್ತಿದ. ಸಾಲಗುಂದ ಒಂದು ರನ್ನಿನಿಂದ ಗೆದ್ದಿತು.

ಚಪ್ಪಾಳೆ ಜೋರಾಗಿಯೇ ಬಿತ್ತು, ಆದರೆ ಯಾರೂ ಹತ್ತಿರ ಬರಲಿಲ್ಲ. ಊರಿಗೆ ಮರಳುವಾಗ ಹತ್ತು ಜನ ಟ್ರಾಲಿಯ ಮುಂದಿನ ಮೂಲೆಗೆ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತರು.

"ಮಾವಾ, ಮುಂದಿನ ಅಮಾಸಿಗೂ ನೀ ಆಡಬೇಕ ನೋಡು," ಎಂದ ಆದೆಪ್ಪ ಆ ಗುಂಪಿನೊಳಗಿಂದ.

"ಹಂಗಾರ ಕೈ ಕೊಡು."

"ಮೊದ್ಲ ಜಳಕ ಮಾಡು."

ಉಳಿದ ಟ್ರಾಲಿಯೆಲ್ಲ ಖಾಲಿ ಇತ್ತು. ಗದ್ದೆಪ್ಪ ಟವೆಲ್ಲು ಮಡಚಿ ತಲೆಗಿಟ್ಟು, ಕಾಲು ಪೂರ್ತಿ ಚಾಚಿ ಮಲಗಿದ.